ಅಂಬಿಗೇರ ದುರಗಪ್ಪನ ಧ್ವನಿ

ಮರುಎಣಿಕೆಯ ಅರವತ್ತೊಂದನೆಯ ವರ್ಷ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ
ವಿಜಯಪುರ

ನನಗಿಂತ ಬಹಳ ಮೊದಲು ಬದುಕಿರುವವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಿಮ್ಮ ಎಣಿಕೆಯಲ್ಲಿ ಇದು ಇಪ್ಪತ್ತೆರಡನೆಯ ಶತಮಾನದ ಕೊನೆ. ನನ್ನ ಕನ್ನಡ ನಿಮಗೆ ತೀರಾ ನಯವಾಗಿ, ಯಾರ ಮಾತೂ ಅಲ್ಲದಂತೆ ಕೇಳಿಸಿದರೆ ಕ್ಷಮಿಸಿ. ಈಗ ಎಲ್ಲರೂ ಹೀಗೇ ಬರೆಯುತ್ತೇವೆ. ಹೀಗಾದದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಹೇಳಲೆಂದೇ ಈ ಪತ್ರ.

ನನ್ನ ಹೆಸರು ಸುಗಲಾ ತೆಗ್ಗಿ. ಯಂತ್ರಕ್ಕೆ ಮಾತು ಕಲಿಸುವುದು ನನ್ನ ಕೆಲಸವಾಗಿತ್ತು. ನಮ್ಮಲ್ಲಿ ಒಂದೊಂದು ಸೀಮೆಯ ಆಡುಮಾತಿಗೂ ಒಂದು ನುಡಿಗೂಡು ಇರುತ್ತದೆ. ಅಂದರೆ ಆ ಮಾತನ್ನು ಕೇಳಿ ಕಲಿತು, ಅದರಲ್ಲೇ ಉತ್ತರಿಸುವ ಯಂತ್ರ. ಶಾಲೆಯಲ್ಲಿ ಪಾಠ ಹೇಳುವುದು, ಆಸ್ಪತ್ರೆಯಲ್ಲಿ ರೋಗಿಯ ನೋವು ಕೇಳಿಕೊಳ್ಳುವುದು, ಅರ್ಜಿ ಬರೆದುಕೊಡುವುದು ಎಲ್ಲವೂ ಅದೇ. ನುಡಿಗೂಡು ಇಲ್ಲದ ಮಾತಿನವರು ಎಲ್ಲಿ ಹೋದರೂ ಮೂಕರು. ಗೂಡು ಸಿದ್ಧವಾದ ಮೇಲೆ, ಇಡಲು ಜಾಗವಿಲ್ಲವೆಂದು ಮೂಲ ಧ್ವನಿಗಳನ್ನು ಅಳಿಸಿಬಿಡುತ್ತಾರೆ. ಇದನ್ನು ನಾವು ‘ಅಡಕ’ ಎನ್ನುತ್ತೇವೆ.

ಕೃಷ್ಣೆಯ ಹಿನ್ನೀರಿನ ದೋಣಿಯವರ ಮಾತನ್ನು ಸಂಗ್ರಹಿಸಿದವಳು ನಾನು. ಅಂಬಿಗೇರ ದುರಗಪ್ಪ ಎಂಬ ಮುದುಕ ಎರಡು ವರ್ಷ ನನ್ನೆದುರು ಮಾತಾಡಿದ. ಬಲೆ ಹೆಣೆಯುತ್ತ, ಮೀನು ಹಸನು ಮಾಡುತ್ತ, ಹೆಂಡತಿ ಬಾಳವ್ವನ ಸಂಗಡ ಜಗಳ ತೆಗೆಯುತ್ತ ಎಲ್ಲವನ್ನೂ ಹೇಳಿದ. ಆಮೇಲೆ ತೀರಿಹೋದ. ಯಂತ್ರಕ್ಕೆ ಕಲಿಸುವ ಮೊದಲು ಬೈಗುಳಗಳನ್ನು ‘ಕಸ’ ಎಂದು ಗುರುತಿಸಿ ತೆಗೆಯಬೇಕಿತ್ತು. ಅವನ ಏಕವಚನವನ್ನೂ ಅದರ ಜೊತೆಗೇ ತೆಗೆದೆ.

ಗೂಡು ಕಟ್ಟುವವರೂ ಭಾಷಾ ವಿದ್ವಾಂಸರೂ ಸೇರುವ ನುಡಿಗಣಕ ಸಮಾವೇಶ ಆ ವರ್ಷ ಇದೇ ಊರಿನಲ್ಲಿ ನಡೆಯಿತು. ಮೂರು ದಿನ ಪ್ರಬಂಧಗಳು, ನಾಲ್ಕನೆಯ ದಿನ ಗೂಡುಗಳ ಪರೀಕ್ಷೆ. ವಿದ್ವಾಂಸರು ಯಂತ್ರದ ಮಾತು ಕೇಳಿ ಅಂಕ ಕೊಡುತ್ತಾರೆ; ತೊಂಬತ್ತೈದು ದಾಟಿದರೆ ಆ ಮಾತು ‘ಉಳಿಯಿತು’ ಎಂದು ಸಾರಿ ಸಂಗ್ರಹ ನಿಲ್ಲಿಸುತ್ತಾರೆ. ಆ ಮಾತಿನವರೊಬ್ಬರು ಸಾಕ್ಷಿಯಾಗಿ ಇರಬೇಕು. ಗಂಡನ ಧ್ವನಿ ಕೇಳಿಸುತ್ತೇನೆಂದು ಹೇಳಿ ಬಾಳವ್ವನನ್ನು ಕರೆತಂದೆ. ಪೆಟ್ಟಿಗೆಯಲ್ಲಿಟ್ಟಿದ್ದ ಇಳಕಲ್ ಸೀರೆ ಉಟ್ಟು ಬಂದಳು. ಧ್ವನಿ ಅಡಕವಾಗಿ ಹೋಗಿದೆ ಎನ್ನಲು ನನಗೆ ಬಾಯಿ ಬರಲಿಲ್ಲ.

ವೇದಿಕೆಯಿಂದ ದುರಗಪ್ಪನ ಕಂಠದಲ್ಲೇ ಯಂತ್ರ ಮಾತಾಡಿತು. “ಬಾಳವ್ವನವರ, ನೀವು ಊಟ ಮಾಡಿದ್ರೇನ್ರಿ? ನೀರು ಏರಾಕತ್ತೇತ್ರಿ, ದೋಣಿ ಕಟ್ಟಿ ಬರ್ತೇನ್ರಿ.”

ಉಚ್ಚಾರ ಒಂದಿಷ್ಟೂ ತಪ್ಪಿರಲಿಲ್ಲ. ವಿದ್ವಾಂಸರು ತಲೆದೂಗಿದರು. ಬಾಳವ್ವ ಸುತ್ತಲೂ ನೋಡಿದಳು, ಗಂಡ ಎಲ್ಲೋ ಕೂತಿದ್ದಾನೆಂಬಂತೆ. ಆಮೇಲೆ ಎದ್ದು ನಿಂತಳು.

“ಅಂವ ನನಗ ಎಂದೂ ‘ನೀವು’ ಅಂದಾಂವಲ್ಲ. ‘ಏ ಬಾಳಿ’ ಅಂತಿದ್ದ, ಬೈತಿದ್ದ. ಇಂವ ಯಾರು?”

ಅಧ್ಯಕ್ಷರಾಗಿದ್ದ ದಾಮೋದರ ಗಾಣಿಗೇರರು ನನ್ನ ಕಡೆ ತಿರುಗಿ, ಅಜ್ಜಿ ಹೇಳುವುದು ನಿಜವೇ ಎಂದು ಕೇಳಿದರು. ನಿಜವೆಂದರೆ ಗೂಡು ಬೀಳುತ್ತಿತ್ತು. ಮೊದಲಿನಿಂದ ಮಾತು ಸಂಗ್ರಹಿಸಿ ಹೊಸ ಗೂಡು ಕಟ್ಟುವವರೆಗೆ ದೋಣಿಯವರು ಆಸ್ಪತ್ರೆಯಲ್ಲಿ ಇನ್ನೂ ಆರು ವರ್ಷ ಮೂಕರಾಗಿರಬೇಕಿತ್ತು; ನನ್ನ ಹೆಸರೂ ಹೋಗುತ್ತಿತ್ತು. ನನಗೆ ಮೊದಲು ನೆನಪಾದದ್ದು ನನ್ನ ಹೆಸರು.

“ವಯಸ್ಸಾಗಿದೆ ಸರ್,” ಎಂದೆ. “ನೆನಪು ಸರಿಯಿಲ್ಲ.”

ತೊಂಬತ್ತೆಂಟು ಅಂಕ ಬಂತು. ಚಪ್ಪಾಳೆ ಬಹಳ ಹೊತ್ತು ನಡೆಯಿತು.

ಊರಿಗೆ ಮರಳುವಾಗ ನೀರುಬಂಡಿಯಲ್ಲಿ, ಅಂದರೆ ರಸ್ತೆಯ ಮೇಲೂ ಹಿನ್ನೀರಿನ ಮೇಲೂ ಓಡುವ ನಮ್ಮ ಬಸ್ಸಿನಲ್ಲಿ, ಗಂಡನ ಖರೇ ಧ್ವನಿ ಎಲ್ಲಿದೆ ಎಂದು ಬಾಳವ್ವ ಕೇಳಿದಳು. ಅಳಿಸಿದ್ದೇವೆ ಎಂದೆ. ಅವಳು ಅಳಲಿಲ್ಲ.

“ನನ್ನ ನೆನಪು ಛಲೋ ಐತಿ, ತಂಗಿ,” ಎಂದಳು.

ಮತ್ತೆ ನನ್ನೊಡನೆ ಮಾತಾಡಲಿಲ್ಲ. ಯಂತ್ರವಿದ್ದ ಕಡೆ ಬಾಯಿಯನ್ನೇ ತೆರೆಯಲಿಲ್ಲ. ಮೂರು ವರ್ಷದ ಮೇಲೆ ಹೊಟ್ಟೆನೋವೆಂದು ಆಸ್ಪತ್ರೆಗೆ ಒಯ್ದಾಗ, ಗೂಡು ಅದೇ ಗಂಡನ ಕಂಠದಲ್ಲಿ ಎಲ್ಲಿ ನೋಯುತ್ತದೆ ಎಂದು ವಿಚಾರಿಸಿತಂತೆ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳಂತೆ. ನೋವು ಎಲ್ಲಿತ್ತೆಂದು ಯಾರಿಗೂ ತಿಳಿಯುವ ಮೊದಲೇ ಹೋಗಿಬಿಟ್ಟಳು.

ನಾನು ತಪ್ಪೊಪ್ಪಿಕೊಂಡು ಸಮಾವೇಶಕ್ಕೆ ಬರೆದೆ. ಉಳಿದಿದೆ ಎಂದು ಸಾರಿದ ಮಾತಿನ ಬಗ್ಗೆ ತಕರಾರು ಸ್ವೀಕರಿಸುವುದಿಲ್ಲವೆಂದು ಉತ್ತರ ಬಂತು. ಅದನ್ನು ಬರೆದದ್ದೂ ಯಂತ್ರವೇ. ನನ್ನ ಆರೋಗ್ಯವನ್ನು ಬಹಳ ಮರ್ಯಾದೆಯಿಂದ ವಿಚಾರಿಸಿತ್ತು. ಈಗ ಹಿನ್ನೀರಿನ ಮಕ್ಕಳು ಗೂಡಿನಿಂದಲೇ ಮಾತು ಕಲಿಯುತ್ತಾರೆ. ಹೋದ ತಿಂಗಳು ದಂಡೆಯಲ್ಲಿ ಅಣ್ಣ ತಂಗಿ ಕೂದಲು ಹಿಡಿದು ಹೊಡೆದಾಡುತ್ತಿದ್ದರು, ಒಬ್ಬರಿಗೊಬ್ಬರು ‘ನೀವು’ ಎನ್ನುತ್ತ. ಸುತ್ತ ನಿಂತವರಲ್ಲಿ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ದುರಗಪ್ಪನ ದನಿ ನೆನಪಿಸಿಕೊಳ್ಳಲು ಕೂತರೆ ನನಗೂ ಯಂತ್ರದ ದನಿಯೇ ಕೇಳುತ್ತದೆ.

ನಿಮ್ಮ ಕಾಲದಲ್ಲೂ ಇಂಥ ಸಭೆಗಳು ನಡೆಯುತ್ತಿರಬೇಕು. ಸಂಗ್ರಹಿಸಿದ ಮಾತನ್ನು ತಿದ್ದದೆ, ಅಳಿಸದೆ, ಆಡಿದವರ ಹೆಸರಿನೊಡನೆ ಇಟ್ಟುಕೊಳ್ಳಿ. ಮಾತಿನವರೇ ಎದ್ದು ನಿಂತು ಇದು ನಮ್ಮದಲ್ಲ ಎಂದಾಗ, ಗೊತ್ತಿದ್ದವರು ಯಾರಾದರೂ ಹೌದು ಅನ್ನಿ. ನನ್ನಿಂದ ಅದಾಗಲಿಲ್ಲ.

ಸುಗಲಾ