ತಮ್ಮನ ಬೇರಿನೆಣ್ಣೆ

ತಮ್ಮಾ,

ಮಾತಾಡಿದರೆ ಕೆಮ್ಮು ಬರುತ್ತದೆ, ಬರೀರಿ ಅಂತ ಸೊಸೆ ಪೆನ್ನು ಕೊಟ್ಟು ಕೂರಿಸಿದ್ದಾಳೆ. ಮೂರನೇ ಕ್ಲಾಸಿಗೇ ಬಿಟ್ಟ ಕೆಲಸ ಇದು. ಸತ್ತವನಿಗೆ ಬರೆಯುವುದಂತೂ ಇನ್ನೂ ದಂಡ.

ಇವತ್ತು ಕಲ್ಲು ಕೊಯ್ಯುವ ಶೆಡ್ಡಿಗೆ ಸಂಶೋಧನೆಯ ಡಾಕ್ಟರಮ್ಮ ಬಂದಿದ್ದಳು. ಕೆಲಸ ಬಿಟ್ಟವರನ್ನೂ ಕರೆಸಿ ಕೊಳವೆ ಊದಿಸಿದಳು.

"ಅಜ್ಜಾ, ಉಸಿರು ಇಷ್ಟೇನಾ?"

"ನಲವತ್ತು ವರ್ಷ ಕಲ್ಲಿನ ಧೂಳು ತಿಂದೋನು ತಾಯಿ, ಪೀಪಿ ಊದಿ ಅಭ್ಯಾಸ ಇಲ್ಲ."

ಆಮೇಲೆ ಶೆಡ್ಡಿನ ಗೋಡೆಗೂಡಿನಲ್ಲಿ ಉಳಿದಿದ್ದ ನಿನ್ನ ಬೇರಿನೆಣ್ಣೆ ಬಾಟಲಿ ಕಂಡಳು. ನೋವಿಗೆ ಅದು ನಿಜವಾಗಿ ಆಗುತ್ತದೋ ಇಲ್ಲವೋ ಪರೀಕ್ಷೆ ಮಾಡುತ್ತಾರಂತೆ. ನನ್ನ ಎದೆ ಮರೆತೇಬಿಟ್ಟಳು.

"ಯಾರು ಮಾಡಿದ್ದು ಇದನ್ನ?"

"ನಾನೇ" ಅಂದುಬಿಟ್ಟೆ. ಅಲ್ಲ ಅನ್ನುವುದಕ್ಕೆ ಹಳಬರು ಯಾರೂ ಉಳಿದಿಲ್ಲ.

ನೀನು ಬದುಕಿದ್ದಾಗಲೂ ಹೀಗೇ. ಮೊಣಕಾಲು ಹಿಡಿದರೆ ಎಲ್ಲರೂ ನಿನ್ನ ಬಾಗಿಲಿಗೆ, ನನ್ನ ಹೆಂಡತಿಯೂ. ಹೊಟ್ಟೆ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ. ಹಾಸಿಗೆ ಹಿಡಿದ ಮೇಲೆ ನೀನು, "ಅಣ್ಣಾ, ಬಂದು ಕೂತ್ಕೋ, ಎಣ್ಣೆ ಮಾಡೋದು ಹೇಳಿಕೊಡ್ತೀನಿ" ಅಂದೆ. "ನಿನ್ನ ಹತ್ರ ನಾನು ಕಲೀಬೇಕಾ?" ಅಂತ ನಾನು ಎದ್ದು ಬಂದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಬೇರನ್ನು ಎಣ್ಣೆಯಲ್ಲಿ ಎಷ್ಟು ದಿನ ನೆನೆಹಾಕುತ್ತೀರಿ ಅಂತ ಡಾಕ್ಟರಮ್ಮ ಕೇಳಿದಳು. ಬೇಕಂತಲೇ ಕೆಮ್ಮಿದೆ. ಸೋಮವಾರ ಮತ್ತೆ ಬರುತ್ತಾಳೆ.

ಭಾನುವಾರದೊಳಗೆ ಹೇಳು.

ನಿನ್ನ ಅಣ್ಣ