ಎಡಗಣ್ಣು: ಆರು ಬೈ ಆರು

ಮಾರ್ಚ್ 4, ಸೋಮವಾರ

ಇವತ್ತು ಮೂವತ್ತೊಂದು ಜನ. ಅರವತ್ತೆರಡು ಕಣ್ಣು ಅನ್ನಬೇಕಿತ್ತು, ಆದರೆ ಒಬ್ಬನದು ಒಂದು ಗಾಜಿನದು. ಅದನ್ನೂ ಪರೀಕ್ಷೆ ಮಾಡಿ ಅಂದ. "ಕ್ಯೂನಲ್ಲಿ ನಿಂತಿದ್ದು ಎರಡಕ್ಕೂ ಸೇರಿಸೇ ಅಲ್ವಾ ಸಾರ್?" ಇಂಥವರ ಜೊತೆ ಇಪ್ಪತ್ತೊಂದು ವರ್ಷ.

ಒಂದು ಕುರ್ಚಿ. ಆರು ಮೀಟರ್ ಆಚೆ ಗೋಡೆಯ ಮೇಲೆ ಅಕ್ಷರದ ಚಾರ್ಟು. ಚಾರ್ಟಿನ ಪಕ್ಕ ಕೋಲು ಹಿಡಿದು ನಾನು. ಇಷ್ಟಕ್ಕೆ ಎಷ್ಟು ನಾಟಕ! ಒಬ್ಬಳು ಕಣ್ಣು ಮುಚ್ಚು ಅಂದರೆ ಬೆರಳ ಸಂದಿಯಿಂದ ಅದೇ ಕಣ್ಣಲ್ಲಿ ಓದುತ್ತಾಳೆ. ಒಬ್ಬ ಕುರ್ಚಿಯನ್ನು ಕುಂಡಿಯಲ್ಲೇ ಎಳೆದುಕೊಂಡು ಬರುತ್ತಾನೆ — ಮೊನ್ನೆಯವನು ಐದು ಮೀಟರ್ ತನಕ ಬಂದಿದ್ದ. ಬಾಯಿಪಾಠದವರದು ಬೇರೆಯೇ ಪಂಗಡ. ನನ್ನ ಕೋಲು ಮೂರನೇ ಸಾಲಿನಲ್ಲಿ, ಇವರು ಒಪ್ಪಿಸುವುದು ಐದನೇ ಸಾಲು. ತಪ್ಪು ಓದಿದರೆ ನಾನು ಬೈಯುವುದಿಲ್ಲ. ಹ್ಞೂಂ ಅನ್ನುತ್ತೇನೆ, ಅಷ್ಟೇ. ಮಾನ ಇರುವವನಿಗೆ ಅಷ್ಟು ಸಾಕು.

ಒಬ್ಬ ರಿಟೈರ್ಡ್ ಗುಮಾಸ್ತ ಚೀಟಿ ನೋಡಿ, "ಆರು ಬೈ ಇಪ್ಪತ್ನಾಲ್ಕು ಅಂದ್ರೆ ಇಪ್ಪತ್ನಾಲ್ಕಕ್ಕೆ ಆರು ಮಾರ್ಕಾ? ಹಾಗಾದ್ರೆ ಫೇಲು!" ಅಂತ ಮುಖ ಸಣ್ಣ ಮಾಡಿದ. ಒಳ್ಳೆಯ ಕಣ್ಣು ಇಪ್ಪತ್ನಾಲ್ಕು ಮೀಟರಿನಿಂದ ಓದುವುದನ್ನು ನೀವು ಆರು ಮೀಟರಿನಿಂದ ಓದುತ್ತೀರಿ ಅಂತ ಅರ್ಥ ಅಂದೆ. "ಅಷ್ಟು ದೂರ ಯಾಕೆ ಹೋಗ್ಬೇಕು?" ಅಂದ. ದೇವರೇ.

ಹೊಸಬಳೊಬ್ಬಳು ಬಂದಿದ್ದಾಳೆ, ಪಕ್ಕದ ಕೋಣೆಗೆ. ನಲವತ್ತೈದರ ಮೇಲಿರಬೇಕು. ಬೇರೆ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡುತ್ತಿದ್ದಳಂತೆ. ಮಾತಿಲ್ಲ, ಕತೆಯಿಲ್ಲ. ಮೌನಗೌರಿ ಅಂತ ಹೆಸರಿಟ್ಟೆ. ಕಾಂಪೌಂಡರ್ ಬಿದ್ದು ಬಿದ್ದು ನಕ್ಕ.

ಮನೆಗೆ ಬಂದರೆ ಹೆಂಡತಿ ಎಡ ಭುಜಕ್ಕೆ ಬಿಸಿನೀರಿನ ಬಟ್ಟೆ ಒತ್ತಿಕೊಂಡು ಕೂತಿದ್ದಾಳೆ. ಬಾಗಿಲಿಗೆ ಬಡಿದುಕೊಂಡಳಂತೆ. ಹತ್ತು ವರ್ಷದಿಂದ ಅದೇ ಜಾಗದಲ್ಲಿರುವ ಬಾಗಿಲು! "ಎಡಗಣ್ಣು ಸ್ವಲ್ಪ ಮಂಜು ಅನ್ಸತ್ತೆ ರೀ" ಅಂದಳು. ಜನವರಿಯಲ್ಲಿ ನಾನೇ ನೋಡಿದ್ದೇನೆ — ಆರು ಬೈ ಆರು, ಎರಡೂ ಕಣ್ಣು. ಮಂಜು ಕಣ್ಣಲ್ಲಿಲ್ಲ, ತಲೆಯಲ್ಲಿದೆ ಅಂದೆ. ಬಟ್ಟೆ ಮತ್ತೆ ಬಿಸಿನೀರಿಗೆ ಅದ್ದಲು ಒಳಗೆ ಹೋದಳು.

ಮಾರ್ಚ್ 6, ಬುಧವಾರ

ಕ್ರೇನಿನವನ ರಗಳೆ. ಕ್ರೇನ್ ಓಡಿಸುವವನಿಗೆ ವರ್ಷಕ್ಕೊಮ್ಮೆ ಕಣ್ಣಿನ ಫಿಟ್‌ನೆಸ್ ಚೀಟಿ ಬೇಕು. ನಾನು ಆರು ಬೈ ಒಂಬತ್ತು ಬರೆದು ಕಳಿಸಿದೆ. ಡ್ರಾಪ್ಸ್ ಹಾಕುವ ಮುಂಚೆ ಮೌನಗೌರಿ ಇನ್ನೊಮ್ಮೆ ನೋಡಿದಳಂತೆ — ಯಾರು ಹೇಳಿದರು ಇವಳಿಗೆ? — ಆರು ಬೈ ಮೂವತ್ತಾರು! ಎರಡು ಗಂಟೆಯಲ್ಲಿ ಮನುಷ್ಯನ ಕಣ್ಣು ನಾಲ್ಕು ಸಾಲು ಜಾರುತ್ತದೆಯೇ?

ಡಾಕ್ಟರು ಇಬ್ಬರನ್ನೂ ಕರೆದರು. ನಾನು ನೇರವಾಗಿಯೇ ಹೇಳಿದೆ: "ಇವ್ರು ಕಲ್ಲಿನ ಥರ ಕೂತಿರ್ತಾರೆ ಮೇಡಂ. ಪೇಷಂಟಿಗೆ ಭಯ ಆಗತ್ತೆ. ಗೊತ್ತಿರೋದೂ ಮರೆತುಹೋಗತ್ತೆ."

ಆಕೆ ಒಂದೇ ಮಾತು ಆಡಿದಳು. "ನಾನು ಏನೂ ಹೇಳಲ್ಲ ಸಾರ್. ಹೇಳ್ಬೇಕಾದೋರು ಅವ್ರು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡಾಕ್ಟರು ಕ್ರೇನಿನವನ ಚೀಟಿಗೆ ಸಹಿ ಹಾಕಲಿಲ್ಲ. ಮುಂದಿನ ಇಪ್ಪತ್ತು ಜನರನ್ನು ಇಬ್ಬರೂ ಬೇರೆ ಬೇರೆಯಾಗಿ ನೋಡಿ ಅಂದರು. ನೋಡೋಣ. ಮೂಗು ಯಾರದು ಮಣ್ಣಿಗೆ ತಾಗುತ್ತದೋ.

ಮಾರ್ಚ್ 12, ಮಂಗಳವಾರ. ಮಧ್ಯಾಹ್ನ

ಲೆಕ್ಕ ಬಂತು. ಇಪ್ಪತ್ತರಲ್ಲಿ ಹದಿನಾಲ್ಕು ಜನರಿಗೆ ನನ್ನ ಕೋಣೆಯಲ್ಲಿ ಹೆಚ್ಚು ಕಂಡಿದೆ. ಆರು ಜನರದು ಸಮ. ಅವಳ ಕೋಣೆಯಲ್ಲಿ ಹೆಚ್ಚು ಕಂಡವರು ಸೊನ್ನೆ.

ನನಗೆ ನಗು ತಡೆಯಲಾಗಲಿಲ್ಲ. "ನೋಡಿ ಮೇಡಂ, ನನ್ನ ಕೋಣೆಗೆ ಬಂದ್ರೆ ಕಣ್ಣೇ ವಾಸಿ!"

ಡಾಕ್ಟರು ನಗಲಿಲ್ಲ. "ತಕ್ಕಡಿ ಒಂದ್ಸಲ ಆ ಕಡೆ ಒಂದ್ಸಲ ಈ ಕಡೆ ವಾಲಿದ್ರೆ ಕೈ ನಡುಗಿದೆ ಅನ್ನಬಹುದು. ಯಾವಾಗ್ಲೂ ಒಂದೇ ಕಡೆ ವಾಲಿದ್ರೆ?"

ಎಂಟು ವರ್ಷ ಓದಿ ಬಂದವರಿಗೆ ಕಿರಾಣಿ ಅಂಗಡಿಯ ಹೋಲಿಕೆಯೇ ಬೇಕಾಯಿತೇ. ಊಟ ಮಾಡಲಿಲ್ಲ.

ಮಾರ್ಚ್ 13, ಬುಧವಾರ

ಬರೆಯಲೂ ಮೈ ಉರಿಯುತ್ತದೆ.

ಕ್ರೇನಿನವನು ಮತ್ತೆ ಬಂದ. ನೇರ ನನ್ನ ಕೋಣೆಗೇ. ಬಾಗಿಲು ಮುಂದೆ ಮಾಡಿ ಮೆಲ್ಲಗೆ, "ಇನ್ನೊಂದ್ಸಲ ನೀವೇ ನೋಡಿ ಸಾರ್. ಆ ಅಮ್ಮನ ಹತ್ರ ಆಗಲ್ಲ. ನಿಮ್ಮ ಹತ್ರ ಆದ್ರೆ ಪಾಸಾಗ್ತೀನಿ."

ಯಾಕೆ ಅಂತ ಕೇಳಿದೆ. ಹೊಗಳುತ್ತಾನೆ ಅಂದುಕೊಂಡಿದ್ದೆ. ನನಗೆ ಬುದ್ಧಿ ಎಲ್ಲಿತ್ತು!

"ನೀವು ಹೇಳ್ಕೊಡ್ತೀರಲ್ಲ ಸಾರ್."

"ನಾನಾ? ಏನು ಹೇಳ್ಕೊಟ್ಟೆ?"

"ಸರಿಯಾದ್ರೆ 'ಹ್ಞಾ' ಅಂತ ಕಡ್ಡಿ ಮುರಿದ ಹಾಗೆ ಅಂತೀರ. ತಪ್ಪಾದ್ರೆ 'ಹ್ಞೂ...ಂ' ಅಂತ ಎಳೀತೀರ. ತುಟಿ ಒಂದು ಪಕ್ಕಕ್ಕೆ ಹೋಗತ್ತಂತೆ, ಕಣ್ಣು ಕಾಣೋರು ಹೇಳ್ತಾರೆ. ಧ್ವನಿ ಹಂಗೆ ಬಂತು ಅಂದ್ರೆ ನಾವು ಬೇರೆ ಅಕ್ಷರ ಹೇಳ್ತೀವಿ. 'ಪಿ' ಅಲ್ವಾ, 'ಎಫ್' ಇರ್ಬೇಕು. ಅದೂ ಅಲ್ವಾ, 'ಇ'. ಹೊರಗೆ ಬೆಂಚಲ್ಲಿ ಎಲ್ರಿಗೂ ಗೊತ್ತು. ಹಳಬ್ರು ಹೊಸಬ್ರಿಗೆ ಹೇಳ್ಕೊಡ್ತಾರೆ. ನೀವು ಬೇಕಂತ್ಲೇ ಸಹಾಯ ಮಾಡ್ತೀರ ಅಂದ್ಕೊಂಡಿದ್ವಿ... ಒಳ್ಳೇ ಮನುಷ್ಯ ಅಂತ."

ಒಳ್ಳೇ ಮನುಷ್ಯ. ನನ್ನ ತಾತ್ಸಾರವನ್ನು ಇವರು ಧರ್ಮ ಅಂತ ತಿಂದಿದ್ದಾರೆ.

"ಕ್ರೇನ್ ಮೇಲೆ ಕೂತಾಗ ಮೋಡ ಇದ್ರೆ ಕೆಳಗಡೆ ನಿಂತಿರೋರು ಕಾಣಲ್ಲ ಸಾರ್, ಆದ್ರೆ ಅವ್ರು ಕೂಗ್ತಾರಲ್ಲ" ಅಂತಲೂ ಅಂದ. ಹೊರಗೆ ಹಾಕಿ ಬಾಗಿಲು ಹಾಕಿಕೊಂಡೆ. ಒಂದು ತಾಸು ಯಾರನ್ನೂ ಕರೆಯಲಿಲ್ಲ.

ಮಾರ್ಚ್ 22, ಶುಕ್ರವಾರ

ಒಂಬತ್ತು ದಿನ ಬರೆದಿಲ್ಲ. ಬಾಯಿ ಹೊಲಿದುಕೊಂಡು ಕೆಲಸ ಮಾಡಿದೆ. ಹಲ್ಲು ಕಚ್ಚಿ, ಮುಖ ಚಾರ್ಟಿನ ಕಡೆ ತಿರುಗಿಸಿ. ನನ್ನ ಅಂಕಿಗಳು ಧಡಧಡ ಇಳಿದವು. ಈಗ ಮೌನಗೌರಿಯ ಅಂಕಿಗಳಿಗೆ ಸಮ. ಬೆಂಚಿನವರು ನನಗೆ ಹುಷಾರಿಲ್ಲ ಅಂತ ಮಾತಾಡಿಕೊಳ್ಳುತ್ತಿದ್ದಾರಂತೆ. ಕ್ರೇನಿನವನಿಗೆ ಪೊರೆ, ಆಪರೇಷನ್ನಿಗೆ ಬರೆದುಕೊಟ್ಟಿದ್ದಾರೆ. ಮೌನಗೌರಿ ಒಂದು ಸಲವೂ 'ನಾನು ಹೇಳಿರಲಿಲ್ಲವೇ' ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ತಿರುಗಿ ಎರಡು ಮಾತು ಆಡಬಹುದಿತ್ತು.

ಇವತ್ತು ಬೆಳಿಗ್ಗೆ ಹೆಂಡತಿ ಟೀಯನ್ನು ಲೋಟದ ಪಕ್ಕ ಸುರಿದಳು. ಲೋಟದೊಳಗಲ್ಲ, ಪಕ್ಕ. ನಾನು ಪೇಪರಿನಿಂದ ತಲೆ ಎತ್ತಿ — ಹ್ಞೂ...ಂ.

ತಕ್ಷಣ ಅವಳ ಕೈ ಬಲಕ್ಕೆ ಸರಿಯಿತು. ಟೀ ಸರಿಯಾಗಿ ಲೋಟಕ್ಕೆ ಬಿತ್ತು.

ಪೇಪರ್ ಕೆಳಗಿಟ್ಟೆ. ಅವಳು ಲೋಟ ನೋಡಿರಲಿಲ್ಲ. ನನ್ನ ಧ್ವನಿ ಕೇಳಿಸಿಕೊಂಡಿದ್ದಳು.

ರಾತ್ರಿಯ ತನಕ ತಲೆಯಲ್ಲಿ ಅದೇ. ಮನೆಯಲ್ಲೂ ಒಂದು ಹಳೇ ಚಾರ್ಟಿದೆ, ಮುಂಬಾಗಿಲ ಹಿಂದೆ. ಅಡುಗೆಮನೆ ಬಾಗಿಲಿಗೆ ಸರಿಯಾಗಿ ಆರು ಮೀಟರ್. "ಇವ್ರು ಮನೆ ನೋಡೋಕೆ ಬಂದಾಗ ನೀರು ಬರತ್ತಾ ಅಂತ ಕೇಳ್ಲಿಲ್ಲ, ಟೇಪು ಹಿಡಿದ್ರು" ಅಂತ ತನ್ನ ತಂಗಿಯರಿಗೆಲ್ಲ ಹೇಳಿ ನಗಿಸುತ್ತಾಳೆ. ವರ್ಷಕ್ಕೊಮ್ಮೆ ಅಲ್ಲಿ ಪರೀಕ್ಷೆ. ಹತ್ತು ವರ್ಷದಿಂದ ಅದೇ ಚಾರ್ಟು. ವಾರಕ್ಕೊಮ್ಮೆ ಅದರ ಧೂಳು ಒರೆಸುವವಳು ಅವಳು. ಬಾಯಿಪಾಠದವರನ್ನು ಆಡಿಕೊಳ್ಳುವ ನಾನು ಎಂಥ ಮೂರ್ಖ. ಮರೆತ ಅಕ್ಷರಗಳಿಗೆ ನನ್ನ ಹ್ಞಾ, ನನ್ನ ಹ್ಞೂಂ. ಕ್ರೇನಿನವನು ಅದನ್ನು ಹತ್ತು ನಿಮಿಷದಲ್ಲಿ ಕಲಿತ. ಇವಳು ಇಪ್ಪತ್ತಾರು ವರ್ಷ ಅದರ ಜೊತೆ ಸಂಸಾರ ಮಾಡಿದ್ದಾಳೆ.

ಮಾರ್ಚ್ 23, ಶನಿವಾರ. ಸಂಜೆ ಐದೂಮುಕ್ಕಾಲು

ಆಸ್ಪತ್ರೆಯಿಂದ ಅಂಕಿಗಳ ಚಾರ್ಟು ತಂದೆ, ಅವಳು ನೋಡಿರದ್ದು. ಹಳೆಯದರ ಮೇಲೆ ಹಚ್ಚಿದೆ. ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದೆ.

"ಜನವರೀಲಿ ಆಯ್ತಲ್ಲ ರೀ?"

ಉತ್ತರ ಕೊಡಲಿಲ್ಲ. ಧ್ವನಿ ತೆಗೆದರೆ ಕೆಟ್ಟಿತು.

ಬಲಗಣ್ಣು. ಪಟಪಟ ಓದಿದಳು, ಕೊನೆಯ ಸಾಲಿನ ತನಕ. ನಂತರ ಅದನ್ನು ಹತ್ತಿಯಿಟ್ಟು ಮುಚ್ಚಿ ಟೇಪು ಹಾಕಿದೆ. ಚಾರ್ಟಿನ ಹತ್ತಿರ ಹೋಗಿ ಎಲ್ಲಕ್ಕಿಂತ ಮೇಲಿನ ದೊಡ್ಡ ಅಂಕಿಯ ಮೇಲೆ ಕೋಲಿಟ್ಟೆ. ನನ್ನ ಅಂಗೈಯಷ್ಟು ದೊಡ್ಡದು.

"ಎಂಟು" ಅಂದಳು. ಕಾದಳು. "ಮೂರು?" ಕಾದಳು. ಅವಳ ಮುಖ ಚಾರ್ಟಿನ ಕಡೆ ಇರಲಿಲ್ಲ, ನಾನು ನಿಂತಿರಬಹುದಾದ ಕಡೆ ಇತ್ತು.

"ಯಾಕೆ ಸುಮ್ನಿದ್ದೀರಿ? ಏನಾದ್ರೂ ಅನ್ನಿ. ಬೈದ್ರೂ ಪರ್ವಾಗಿಲ್ಲ."

ಎಷ್ಟು ದಿನದಿಂದ ಹೀಗೆ ಅಂತ ಕೇಳಲೇಬೇಕಾಯಿತು. ಎರಡು ವರ್ಷ ಆಗಿರಬೇಕಂತೆ.

"ಮಂಜು ಅಂದೆನಲ್ಲ. ನೀವು ಸರಿಯಿದೆ ಅಂದ್ರಿ. ನಿಮಗೆ ಗೊತ್ತಿರೋದಲ್ವಾ, ನಂದೇ ಏನೋ ಭ್ರಮೆ ಇರ್ಬೇಕು ಅಂದ್ಕೊಂಡೆ."

ಇಪ್ಪತ್ತೊಂದು ವರ್ಷ ಊರವರ ಕಣ್ಣನ್ನು ಆಡಿಕೊಂಡ ಮಹಾನುಭಾವನಿಗೆ, ದಿನಕ್ಕೆ ಮೂರು ಹೊತ್ತು ಎದುರು ಬಂದು ನಿಲ್ಲುವ ಕಣ್ಣು ಕಾಣಲಿಲ್ಲ. ನನ್ನಂಥ ನೀಚನನ್ನು ನಾನು ಆ ಕುರ್ಚಿಯಲ್ಲಿ ಯಾವತ್ತೂ ಕೂರಿಸಿಲ್ಲ.

ಚಾರ್ಟು ಕಾಣದವರಿಗೆ ಬೆರಳು ತೋರಿಸಿ ಎಣಿಸುವುದು ನಿಯಮ. ಒಂದು ಮೀಟರ್ ಹತ್ತಿರ ಹೋಗಿ ನಿಂತೆ. ಒಂದೇ ಬೆರಳು ಎತ್ತಿದೆ.

"ನಾಲ್ಕು..." ಅಂದಳು. ತುಟಿ ಕಚ್ಚಿಕೊಂಡೆ. "ಮೂರಾ?" ಉಸಿರು ಹಿಡಿದೆ. "ಎರಡು?... ಒಂದು."

ಹ್ಞಾ.

ನಾನು ಅನ್ನಲಿಲ್ಲ. ಬಾಯಿಯೇ ಅಂದುಬಿಟ್ಟಿತು.

ಅವಳ ಮುಖ ಅರಳಿತು. "ನೋಡಿದ್ರಾ? ಕಾಣತ್ತೆ ನಂಗೆ! ಸುಮ್ನೆ ಹೆದರಿಸಿದ್ರಿ" ಅಂತ ಹತ್ತಿಯ ಟೇಪು ಬಿಚ್ಚುತ್ತಾ ನಕ್ಕಳು.

ಡಾಕ್ಟರಿಗೆ ಫೋನ್ ಮಾಡಿದೆ. ನಾಳೆ ಭಾನುವಾರ, ಆದರೂ ಬೆಳಿಗ್ಗೆ ಎಂಟಕ್ಕೆ ಕರೆದುಕೊಂಡು ಬನ್ನಿ, ಪೂರ್ತಿ ಓದಿದ್ದನ್ನು ಬರೆದು ತನ್ನಿ ಅಂದರು. ಅವಳು ಒಳಗೆ ಪಾತ್ರೆ ತೊಳೆಯುತ್ತಾ ತಂಗಿಯ ಹತ್ತಿರ ಫೋನಿನಲ್ಲಿ ಹೇಳುತ್ತಿದ್ದಾಳೆ, ಎಲ್ಲ ಸರಿಯಿದೆಯಂತೆ ಕಣೇ, ಇವರೇ ನೋಡಿದರು ಅಂತ.

ಚೀಟಿ ಮುಂದಿಟ್ಟುಕೊಂಡಿದ್ದೇನೆ. ಬಲಗಣ್ಣು: ಆರು ಬೈ ಆರು.

ಎಡಗಣ್ಣು: