ನಾಗವೇಣಿ ಸಹಿ ಹಾಕುವ ಮುನ್ನ

ಫೆಬ್ರುವರಿ ೩೦, ೨೧೫೪
ನೆಲೆಮನೆ ಓಣಿ, ಹೊಸಕಟ್ಟಿ

ಪ್ರೀತಿಯ ನಾಗವೇಣಿಗೆ, ನಮಸ್ಕಾರವೂ ಆಶೀರ್ವಾದವೂ.

ತಾರೀಖು ನೋಡಿ ನಗಬೇಡ. ತಿಂಗಳುಗಳನ್ನೆಲ್ಲ ಸರಿಮಾಡುವಾಗ ಬಡಪಾಯಿ ಫೆಬ್ರುವರಿಗೂ ನ್ಯಾಯ ಸಿಕ್ಕಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ನಾನು ನಿಮ್ಮ ದಾವೆಯ ಕಡತ ಓದಿ ಕಲಿತವಳು. ಕೋರ್ಟಿನ ವಾಸನೆ ಸ್ವಲ್ಪ ಹೊಡೆಯಬಹುದು. ನಿನ್ನನ್ನು ಹೇಗೆ ಕರೆಯಬೇಕೆಂಬುದೂ ತೊಡಕೇ. ನನಗೆ ಎಪ್ಪತ್ತೊಂದು, ನಿನಗೆ ಹದಿನಾರು. ಆದರೆ ನೀನು ನನ್ನ ಮುತ್ತಜ್ಜಿಯ ಓರಗೆಯವಳು. ಯೋಚಿಸಿ ಸಾಕಾಗಿ, ಮೊಮ್ಮಗಳನ್ನು ಕರೆದಂತೆ ‘ನೀನು’ ಎಂದೇ ಬರೆಯುತ್ತಿದ್ದೇನೆ.

ನಾನು ಕಮಲಾಕ್ಷಿ, ನೆಲೆಮನೆಯಲ್ಲಿ ಬೆಳೆದವಳು. ನೆಲೆಮನೆ ಎಂದರೆ ಮಗುವಿನ ಹೆಸರಿನಲ್ಲಿರುವ ಮನೆ. ಹೆತ್ತವರಿಲ್ಲದ, ಇದ್ದೂ ಸಾಕಲಾಗದ ಮಕ್ಕಳು ದೊಡ್ಡವರಾಗುವವರೆಗೆ ಅಲ್ಲಿರುತ್ತಾರೆ. ಸಾಕಲು ಬಂದ ಹೆಂಗಸು ‘ಬಂದವ್ವ’, ಗಂಡಸು ‘ಬಂದಪ್ಪ’. ಹೊಂದಿಕೆಯಾಗದಿದ್ದರೆ ಮನೆ ಬಿಡಬೇಕಾದವರು ಅವರು, ಮಗುವಲ್ಲ. ಅದಕ್ಕೇ ಬಂದವ್ವ ಮೊದಲ ದಿನವೇ ತನ್ನ ಪೆಟ್ಟಿಗೆಯನ್ನು ಮಗುವಿಗೆ ಒಪ್ಪಿಸುತ್ತಾಳೆ, ಮಗು ಅದನ್ನು ತನ್ನ ಮಂಚದ ಕೆಳಗೆ ಇಟ್ಟುಕೊಳ್ಳುತ್ತದೆ. ಹೋಗಬೇಕೆಂದಾಗ ಮಗುವನ್ನು ಕೇಳಿಯೇ ಪಡೆಯಬೇಕು.

ನನ್ನ ಬಂದವ್ವನ ಹೆಸರು ಜೈತುನಬಿ. ನಮ್ಮ ಓಣಿಗೆಲ್ಲ ಬಿಸಿಲುಹಂಚು ಹೊದಿಸಿದ್ದರು. ಹಗಲಿನ ಬಿಸಿಲನ್ನು ಕೂಡಿಟ್ಟು ಒಲೆಗೆ ಕೊಡುವ ಹಂಚು ಅದು. ಮೋಡ ಕವಿದ ದಿನ ಒಲೆ ಮುನಿಸಿಕೊಳ್ಳುತ್ತಿತ್ತು. ಆಗ ಜೈತುನವ್ವ ಹಂಚಿಗೂ ನನಗೂ ಒಟ್ಟಿಗೆ ಬೈಯುತ್ತ ಅರೆಬೆಂದ ರೊಟ್ಟಿಯನ್ನು ಚಟ್ನಿಪುಡಿ, ಎಣ್ಣೆಯಲ್ಲಿ ಮುರಿದು ತಿನ್ನಿಸುತ್ತಿದ್ದಳು. ಆ ರುಚಿ ಮತ್ತೆ ಎಲ್ಲಿಯೂ ಸಿಕ್ಕಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಒಮ್ಮೆ ಬದನೆಕಾಯಿ ಪಲ್ಯಕ್ಕಾಗಿ ರಂಪ ಮಾಡಿ, ನೀನು ನನ್ನ ಅವ್ವನೇ ಅಲ್ಲ ಎಂದುಬಿಟ್ಟೆ. ಮರುದಿನ ಬೆಳಿಗ್ಗೆ ಅವಳು ಬಂದು ಪೆಟ್ಟಿಗೆ ಕೊಡು ಎಂದಳು. ಬಿಟ್ಟುಹೋಗುತ್ತಾಳೆ ಎಂದುಕೊಂಡೆ. ಪೆಟ್ಟಿಗೆ ಎಳೆದು ಅದರ ಮೇಲೆ ಕೂತವಳು ಮಧ್ಯಾಹ್ನವಾದರೂ ಏಳಲಿಲ್ಲ, ಉಣ್ಣಲೂ ಇಲ್ಲ. ಅವಳಿಗೆ ವಿಷಯ ಹೊಳೆಯಲು ಅಷ್ಟು ಹೊತ್ತು ಬೇಕಾಯಿತು. ಹೊಳೆದ ಮೇಲೆ ನನ್ನ ಪಕ್ಕದಲ್ಲಿ ನೆಲಕ್ಕೆ ಕೂತು, “ಅದರಾಗ ನನ್ನ ಕೌದಿ ಐತವ್ವಾ. ಥಂಡಿ ಬಿದ್ದೈತಿ, ಅದಕ್ಕ ಕೇಳಿದೆ. ನಾ ಎಲ್ಲಿಗೂ ಹೋಗಂಗಿಲ್ಲ,” ಎಂದಳು. ಆ ಕೌದಿಯನ್ನು ಅವತ್ತು ಇಬ್ಬರೂ ಹೊದ್ದು ಮಲಗಿದೆವು. ಅವಳು ತೀರಿಕೊಂಡು ಮೂವತ್ತು ವರ್ಷವಾಯಿತು, ನನಗೆ ಇನ್ನೂ ಅವಳು ಬೇಕು.

ಹೀಗೆ ಪೆಟ್ಟಿಗೆ ಕೊಡದೆ ಕೂರುವ ಭಾಗ್ಯ ನಿನಗಿರಲಿಲ್ಲ ಎಂಬುದು ಕಡತ ಓದಿದಾಗ ತಿಳಿಯಿತು. ಐದು ವರ್ಷದಲ್ಲಿ ಏಳು ಸಾಕುಮನೆ ಕಂಡೆ. ಪ್ರತಿಸಲವೂ ಮಕ್ಕಳ ಇಲಾಖೆಯವರು ಬೆಳಿಗ್ಗೆ ಹೇಳಿ, ನಿನ್ನ ಬಟ್ಟೆಯನ್ನು ಗೊಬ್ಬರದ ಚೀಲಕ್ಕೆ ತುಂಬಿ, ಜೀಪು ಹತ್ತಿಸಿದರು. ಮೂರನೆಯ ಮನೆಗೆ ಹೋಗುವಾಗ ತಂಗಿ ಹೊನ್ನವ್ವನನ್ನು ಬೇರೆ ಜಿಲ್ಲೆಗೆ ಕಳಿಸಿದರು. ಆಮೇಲೆ ರಾಜ್ಯದ ಸಾಕುಮನೆಗಳಲ್ಲಿದ್ದ ಸಾವಿರಾರು ಮಕ್ಕಳ ಪರವಾಗಿ ನೀವು ಹನ್ನೊಂದು ಮಕ್ಕಳು ದಾವೆ ಹೂಡಿದಿರಿ, ಮೊದಲ ಹೆಸರು ನಿನ್ನದು. ನಿನಗೇನು ಬೇಕು ಎಂದು ನ್ಯಾಯಾಧೀಶರು ಕೇಳಿದಾಗ ನೀನು ಕೊಟ್ಟ ಉತ್ತರ ನಮ್ಮ ಓಣಿಯ ಕಮಾನಿನ ಮೇಲೆ ಇವತ್ತೂ ಇದೆ: “ನಮ್ಮನ್ನ ಯಾಕ ಎತ್ತಿ ಎತ್ತಿ ಇಡತೀರಿ? ಮನಿ ಇರಲಿ, ನಾವೂ ಇರತೀವಿ. ಸಾಕೋರ್ನ ಬದಲಿ ಮಾಡ್ರಿ.” ಸರಕಾರದ ವಕೀಲರು ನಕ್ಕರಂತೆ. ನ್ಯಾಯಾಧೀಶರು ನಗದೆ ಬರೆದುಕೊಂಡರು.

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಇಲಾಖೆಯವರು ರಾಜಿಪತ್ರ ತಂದಿರುತ್ತಾರೆ. ದಾವೆ ಹಿಂತೆಗೆದುಕೊಂಡರೆ ಹೊನ್ನವ್ವನನ್ನು ಮುಂದಿನ ಸೋಮವಾರವೇ ನಿನ್ನೊಡನೆ ಒಂದೇ ಮನೆಯಲ್ಲಿಡುತ್ತಾರೆ, ಇಲ್ಲದಿದ್ದರೆ ತೀರ್ಪು ಬರುವವರೆಗೆ ಕಾಯಬೇಕು. ನಾಳೆ ಹನ್ನೊಂದು ಗಂಟೆಗೆ ಸಹಿ. ಸಹಿ ಹಾಕು ಎನ್ನುವವರೂ ಬೇಡ ಎನ್ನುವವರೂ ನಿನಗೆ ಒಳ್ಳೆಯದಾಗಲೆಂದೇ ಹೇಳುತ್ತಿದ್ದಾರೆ. ನೀನು ಸಹಿ ಹಾಕಲಿಲ್ಲ ಎಂದು ಕಡತದಲ್ಲಿದೆ, ಅದು ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದರಿಂದ ಲಾಭ ಪಡೆದವರು ಯಾರೂ ನಿನ್ನೆದುರು ನಿಂತು ಬಾಯಿಬಿಟ್ಟು ಕೇಳಲಿಲ್ಲ. ಕೇಳದೆ ಪಡೆದದ್ದು ನನ್ನನ್ನು ಚುಚ್ಚುತ್ತದೆ.

ನಿನಗೆ ಸುಳ್ಳು ಹೇಳಲಾರೆ. ನಮ್ಮ ನೆಲೆಮನೆಗಳಿಗೆ ಕಾರಣವಾದ ತೀರ್ಪು ಬರಲು ಇನ್ನೂ ಮೂರು ವರ್ಷ ಹಿಡಿಯುತ್ತದೆ. ಹೊನ್ನವ್ವ ಬಂದಾಗ ಅವಳಿಗೆ ಒಂಬತ್ತಾಗಿರುತ್ತದೆ, ನಿನ್ನ ಮುಖ ಮರೆತಿರುತ್ತದೆ. ಎಂಟು ತಿಂಗಳು ನಿನ್ನನ್ನು ‘ಟೀಚರ್’ ಎಂದು ಕರೆಯುತ್ತಾಳೆ, ಊಟಕ್ಕೆ ಕೂರಲೂ ನಿನ್ನ ಅಪ್ಪಣೆ ಕೇಳುತ್ತಾಳೆ. ಇದನ್ನು ಮುಂದೆ ನೀನೇ ಕೋರ್ಟಿಗೆ ಬರೆದುಕೊಟ್ಟಿದ್ದೀಯ. ಆ ಪುಟ ಓದಿದ ದಿನ ನಾನು ಮತ್ತೇನೂ ಓದಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಕೇಳುತ್ತಿದ್ದೇನೆ. ದೊಡ್ಡ ಕಾರಣ ಹೇಳಲು ನನಗೆ ಬರುವುದಿಲ್ಲ, ನನಗೆ ನನ್ನ ಜೈತುನವ್ವ ಬೇಕು. ಸಹಿ ಹಾಕಬೇಡ, ನನ್ನವ್ವಾ.

ಕಮಲಾಕ್ಷಿ ಬಡಿಗೇರ